ನಲವತ್ತು ಮಡಕೆ ನೀರು

ಮಡಕೆ ತುಂಬಿದ ಲಗೇಜ್ ಆಟೋ ಮನೆ ಮುಂದೆ ಬಂದು ನಿಂತಾಗ ಜಯಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು. ಸೊಸೆ ಭೂಮಿಕ ಆಟೋದಿಂದ ಇಳಿದು, ಒಣಹುಲ್ಲಿನ ನಡುವೆ ಜೋಡಿಸಿದ್ದ ಮಡಕೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು.

"ಇದ್ಯಾಕಮ್ಮಿ ಇಷ್ಟೊಂದ್ ಮಡ್ಕೆ? ಮದ್ವೆ ಗಿದ್ವೆ ಮಾಡ್ತೀಯಾ?"

"ಹಿತ್ತಲ್ಗೆ ಅತ್ತೆ. ಕಾಕಡ ಹೂವಿನ್ ಗಿಡ ನೆಡ್ತೀನಿ ಅಂದಿದ್ನಲ್ಲ. ಒಂದೊಂದು ಗಿಡದ ಪಕ್ಕ ಒಂದೊಂದು ಮಡ್ಕೆ ಹೂಳೋದು. ತಳಕ್ಕೆ ತೂತು ಕೊರ್ದು, ಬಟ್ಟೆ ಬತ್ತಿ ತೂರ್ಸಿ, ನೀರು ತುಂಬಿ ಮುಚ್ಚಿಟ್ರೆ ಬೇರು ಬೇಕಾದಷ್ಟೇ ಎಳ್ಕೊತದೆ. ನಲ್ಲಿ ಬರೋದೇ ನಾಕ್ ದಿನಕ್ಕೊಂದ್ಸಲ. ಆವತ್ತು ತುಂಬುದ್ರೆ ಸಾಕು."

ಜಯಲಕ್ಷ್ಮಮ್ಮನಿಗೆ ಕೇಳಿಸಿದ್ದು ಅದರಲ್ಲಿ ಒಂದೇ ಮಾತು.

"ತೂತು ಮಾಡಿದ್ ಮಡ್ಕೆಯಾ?"

"ಊಂ ಅತ್ತೆ."

"ತೂತು ಮಡ್ಕೆ ಯಾವಾಗ ಬೇಕಾಯ್ತದೆ ಅಂತ ಗೊತ್ತಿಲ್ವಾ ನಿಂಗೆ? ಗೊತ್ತಿದ್ದೂ ತಂದ್ಯಾ?"

ಹೋದ ವರ್ಷ ಜೂನ್ ತಿಂಗಳಲ್ಲಿ ಜಯಲಕ್ಷ್ಮಮ್ಮನ ಒಬ್ಬನೇ ಮಗ, ಭೂಮಿಕಳ ಗಂಡ ಯೋಗೇಶ ತೀರಿಕೊಂಡಿದ್ದ. ವಯಸ್ಸು ಮೂವತ್ತಾರು. ಎರಡೂ ಕಿಡ್ನಿ ಹೋಗಿ ಮೂರು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದ. ಅವನಿಗೆ ಇದ್ದದ್ದು ಚಿನ್ನು ಎಂಬ ಒಬ್ಬ ಮಗಳು. ಹಾಗಾಗಿ ಅಪ್ಪ ಕೃಷ್ಣಮೂರ್ತಿಯೇ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಮಗನ ಚಿತೆಯ ಸುತ್ತ ಮೂರು ಸುತ್ತು ಬಂದಿದ್ದ. ಸುತ್ತಿಗೊಂದರಂತೆ ಹಿಂದಿನವರು ಮಡಕೆಗೆ ತೂತು ಹಾಕಿದ್ದರು. ಮಸಣಕ್ಕೆ ಹೆಂಗಸರು ಹೋಗುವುದಿಲ್ಲ. ಆದರೆ ಅಲ್ಲಿ ಏನು ನಡೆಯುತ್ತದೆ ಎಂದು ತಿಳಿಯದ ಹೆಂಗಸು ಆ ಊರಲ್ಲಿಲ್ಲ.

ಪಕ್ಕದ ಮನೆ ಮಂಚಮ್ಮ ಬೇಲಿಯ ಆಚೆಯಿಂದ ಇಣುಕಿದಳು. ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಅವಳು.

"ಜಯಕ್ಕ, ಅದ್ಕೆ ಮೂರು ತೂತು ಕಣಕ್ಕ. ಇದ್ಕೆ ಒಂದೇ."

"ಒಂದಾದ್ರೂ ತೂತು ತೂತೇ ಕಣೆ. ನಿನ್ ಊವ ನೀನು ನೋಡ್ಕೊ."

"ಅಕ್ಕ, ಇಳ್ಸದಾ ಬ್ಯಾಡ್ವಾ? ನಂಗಿನ್ನೊಂದು ಬಾಡ್ಗೆ ಅದೆ," ಎಂದ ಆಟೋದವನು.

ಮಗ್ಗುಲ ಕೊಟ್ಟಿಗೆಯಲ್ಲಿ ಬಾಗಿಲ ಚೌಕಟ್ಟು ಕೂಡಿಸುತ್ತಿದ್ದ ಕೃಷ್ಣಮೂರ್ತಿ ಮೈಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತಾ ಹೊರಗೆ ಬಂದ. ಹೆಂಡತಿಯ ಮುಖ ನೋಡಿದ, ಮಡಕೆ ನೋಡಿದ.

"ಇಳ್ಸಪ್ಪ. ಮಂಚಮ್ಮನ್ ಹಿತ್ತಲಿಂದ ಬೇಲಿ ಮೇಲೆ ದಾಟ್ಸಿ ಕೊಡು. ನಮ್ ಬಾಗ್ಲು ತುಳಿಯೋದ್ ಬ್ಯಾಡ."

"ಓ, ನನ್ ಬಾಗ್ಲಾದ್ರೆ ತುಳೀಬೌದಾ!" ಎಂದಳು ಮಂಚಮ್ಮ. ಅಂದರೂ ತಡಿಕೆ ತೆಗೆದಳು.

ಹೀಗೆ ನಲವತ್ತು ಮಡಕೆಗಳು ಬಾಗಿಲು ದಾಟದೆ ಹಿತ್ತಲು ಸೇರಿದವು.

ಭೂಮಿಕಳಿಗೆ ಈ ಗಿಡಗಳು ಬೇಕಿದ್ದುದಕ್ಕೆ ಕಾರಣವಿತ್ತು. ಅವಳ ಅಣ್ಣ ಸೋಮಾಚಾರಿಗೆ ಪಾಂಡವಪುರದಲ್ಲಿ ಕಬ್ಬಿಣದ ಗ್ರಿಲ್ ಅಂಗಡಿ. ಯುಗಾದಿಗೆ ಬಂದವನು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಮಾತು ತೆಗೆದಿದ್ದ.

"ಮಾವ, ವರ್ಸ ತುಂಬ್ಲಿ, ಆಮೇಲೆ ತಂಗೀನೂ ಮಗೀನೂ ಕರ್ಕೊಂಡೋಯ್ತೀನಿ. ಇಲ್ಲೇನೈತೆ ಅವ್ಳಿಗೆ? ಬ್ಯಾರೇರ ಊವ ಕಟ್ಕೊಂಡು ಎಷ್ಟು ದಿನ ಕೂತ್ಕೊತಾಳೆ?"

"ನನ್ನ ಹೂವೇ ಕಟ್ತೀನಿ ಕಣಣ್ಣ," ಎಂದಿದ್ದಳು ಭೂಮಿಕ. "ಹಿತ್ತಲು ಖಾಲಿ ಬಿದ್ದದೆ. ಕಾಕಡ ಹಾಕ್ತೀನಿ."

"ಮಾತಾಡಕ್ಕೇನು. ನೀರೆಲ್ಲೈತೆ?"

ಕೃಷ್ಣಮೂರ್ತಿ ನಡುವೆ ಬಾಯಿ ಹಾಕಿದ್ದ. "ಆಯ್ತು ಸೋಮ. ವರ್ಸದ ಕಾರ್ಯ ಆಗೋ ಹೊತ್ಗೆ ಗಿಡ ಹಿಡುದ್ರೆ ಅವ್ಳು ಇಲ್ಲೇ ಇರ್ಲಿ. ಹಿಡೀನಿಲ್ಲ ಅಂದ್ರೆ ಕರ್ಕೊಂಡೋಗು."

ಒಂಬತ್ತು ವರ್ಷದ ಚಿನ್ನುವನ್ನು ಯಾರೂ ಕೇಳಲಿಲ್ಲ. ಅವಳೇ ಹೇಳಿದಳು: "ಮಾವನ್ ಮನೇಲಿ ಟೀವಿ ದೊಡ್ಡದು. ಆದ್ರೆ ನಾಯಿ ಕಚ್ತದೆ. ನಾನ್ ಬರಲ್ಲ."

ಜಯಲಕ್ಷ್ಮಮ್ಮ ಮೊಮ್ಮಗಳ ತಲೆಗೆ ಎಣ್ಣೆ ಒತ್ತುತ್ತಾ ಕೂತಿದ್ದಳು, ಅಷ್ಟೇ.

ಏಪ್ರಿಲ್ ಕೊನೆಯ ಬಿಸಿಲು. ಈಗ ಯಾರಾದರೂ ಗಿಡ ನೆಡುತ್ತಾರೆಯೇ, ಮಳೆ ಹಿಡಿಯಲಿ ಎಂದು ಊರವರೆಲ್ಲ ಅಂದರು. ಭೂಮಿಕ ತೋಟಗಾರಿಕೆ ಇಲಾಖೆಯ ಹೂಬೆಳೆ ತರಬೇತಿಯಲ್ಲಿ ಕೇಳಿಸಿಕೊಂಡದ್ದನ್ನು ಬಿಡಲಿಲ್ಲ. "ಮಳೆ ಬರೋ ಹೊತ್ಗೆ ಬೇರು ಕೆಳಕ್ಕಿಳ್ದಿದ್ರೆ ಒಂದು ಹನಿಯೂ ದಂಡ ಆಗಲ್ಲ. ಮಳೇಲೇ ನೆಟ್ರೆ ಮೇಲ್ ಮೇಲೇ ಬೇರು ಬಿಡ್ತದೆ, ಕಳೆ ಜೊತೆ ಜಗಳ ಆಡ್ಕೊಂಡು ಕೂರ್ತದೆ." ಬೆಳಿಗ್ಗೆ ಗುಂಡಿ ತೆಗೆದು, ಮಧ್ಯಾಹ್ನ ಬಿಟ್ಟು, ಬಿಸಿಲು ಇಳಿದ ಮೇಲೆ ನೆಟ್ಟಳು. ಬುಡಕ್ಕೆ ತೆಂಗಿನ ಸಿಪ್ಪೆ, ಒಣಗಿದ ಎಲೆ ಹೊದಿಸಿದಳು. ಚಿನ್ನು ಸಸಿ ಹಿಡಿದಳು. ದಿನಕ್ಕೆ ಹತ್ತು ಗಿಡ, ನಾಲ್ಕು ದಿನ.

ಮಡಕೆಗೆ ತೂತು ಕೊರೆಯುವ ಕೆಲಸ ಕೃಷ್ಣಮೂರ್ತಿಯದು. ಬೈರಿಗೆ ಹಿಡಿದು ತಿರುವಿದರೆ ಗಟ್ಟಿ ಹೊನ್ನೆಯಲ್ಲೂ ನೆಟ್ಟಗೆ ತೂತು ಬೀಳಿಸುವ ಕೈ ಅದು. ಮೊದಲ ಮೂರು ಮಡಕೆಗೆ ಸಲೀಸಾಗಿ ಕೊರೆದ. ನಾಲ್ಕನೆಯದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡವನು ಹಾಗೇ ಕೂತ.

"ಯಾಕ್ ಮಾವ, ಬೈರಿಗೆ ಮೊಂಡಾಯ್ತಾ?"

"ಇಲ್ಲ ಕಣವ್ವ. ಒಸಿ ನೀರು ಕೊಡು."

ನೀರು ಕುಡಿದು, ಕೈ ತೊಳೆದು, ಮತ್ತೆ ಕೂತು ಉಳಿದ ಮೂವತ್ತೇಳನ್ನೂ ಕೊರೆದ. ಆ ಸಂಜೆ ಮುದ್ದೆ ಬೇಡವೆಂದ. ಬತ್ತಿಗೆ ಹತ್ತಿಯ ಹಳೇ ಬಟ್ಟೆ ಬೇಕೆಂದಾಗ ಟ್ರಂಕು ತೆಗೆದು ಒಂದು ಪಂಚೆಯನ್ನು ಉದ್ದುದ್ದ ಸೀಳಿ ಕೊಟ್ಟಿದ್ದ. ಅದು ಯೋಗೇಶನ ಪಂಚೆ ಎಂದು ಜಯಲಕ್ಷ್ಮಮ್ಮ ಕಂಡುಕೊಂಡದ್ದು ನಲವತ್ತನೆಯ ಬತ್ತಿ ಮಣ್ಣಿಗೆ ಹೋದ ಮೇಲೆ, ಉಳಿದ ಅಂಚಿನ ತುಂಡು ನೋಡಿ.

"ಬ್ಯಾರೆ ಬಟ್ಟೆ ಸಿಕ್ನಿಲ್ವಾ ನಿಮ್ಗೆ?"

"ಸಿಕ್ಕಿದ್ದ ಕೊಟ್ಟೆ ಕಣೆ."

"ಮಗನ್ ಪಂಚೆ ತಗೊಂಡೋಗಿ ಮಣ್ಣಿಗ್ ಹಾಕುದ್ರಾ!"

"ಮಗನ್ನೇ ಬೆಂಕಿಗ್ ಹಾಕ್ದೆ," ಎಂದುಬಿಟ್ಟ ಕೃಷ್ಣಮೂರ್ತಿ. 

ಮನೆಯ ಮುಂದೆ ಎರಡು ಮಂಚದಗಲ ಒಂದು ಹುಲ್ಲುಹಾಸು ಇತ್ತು. ಯೋಗೇಶ ಲಗೇಜ್ ಆಟೋ ಓಡಿಸುತ್ತಿದ್ದ ಕಾಲದಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಹುಲ್ಲಿನ ಚಪ್ಪಡಿ ಸಾಗಿಸಿ, ಮಿಕ್ಕ ತುಂಡುಗಳನ್ನು ತಂದು ಕೂಡಿಸಿದ್ದು. ಕಾಯಿಲೆ ಬಿದ್ದ ಮೇಲೆ ದಿನಾ ಸಂಜೆ ಅದಕ್ಕೆ ನೀರು ಚಿಮುಕಿಸಿ, ಬರಿಗಾಲು ಚಾಚಿ ಕೂರುತ್ತಿದ್ದ. ಡಾಕ್ಟರು ಹಾಕಿಕೊಟ್ಟ ಅಳತೆಯಲ್ಲಿ ಅವನಿಗೆ ದಿನಕ್ಕೆ ಅರ್ಧ ಲೀಟರ್ ನೀರಷ್ಟೇ, ಕಾಫಿ ಸಾರು ಎಲ್ಲ ಸೇರಿ. "ಬಾಯ್ಗಂತೂ ಇಲ್ಲ, ಕಾಲಾದ್ರೂ ಕುಡೀಲಿ ಬುಡವ್ವ," ಎಂದು ನಗುತ್ತಿದ್ದ.

ಈ ಬೇಸಿಗೆಯಲ್ಲಿ ಆ ಹುಲ್ಲು ಕಂದಿ ತೆಂಗಿನ ನಾರಿನ ಬಣ್ಣಕ್ಕೆ ಬಂದಿತ್ತು.

"ಕಿತ್ತಾಕ್ಬುಡದಾ?" ಎಂದ ಕೃಷ್ಣಮೂರ್ತಿ.

"ಸತ್ತಿಲ್ಲ ಮಾವ. ಬಿಸ್ಲಿಗೆ ಮಲಗದೆ. ಬುಡ ಬಿಡ್ಸಿ ನೋಡಿ, ಬೆಳ್ಳಗದೆ. ಕತ್ತರಿಸ್ಬಾರ್ದು. ಹದಿನೈದು ದಿನಕ್ಕೊಂದ್ಸಲ ಅಕ್ಕಿ ತೊಳೆದ ನೀರೋ ಪಾತ್ರೆ ಗಲಬರಿಸಿದ್ದೋ ಒಂದ್ ಎರಡು ಬಕೀಟು ಹಾಕುದ್ರೆ ಜೀವ ಹಿಡ್ಕೊಂಡಿರ್ತದೆ."

"ಮಲಗದೆ ಅಂತೆ," ಎಂದಳು ಜಯಲಕ್ಷ್ಮಮ್ಮ ಗೋಡೆಯ ಕಡೆ ತಿರುಗಿ. "ಎಲ್ಲಾ ಮಲ್ಗೇ ಇರೋರು ಈ ಮನೇಲಿ."

ಮೇ ಮೊದಲ ವಾರ. ಭೂಮಿಕ ದಿನಾ ಬೆಳಿಗ್ಗೆ ಮಡಕೆಯ ಮುಚ್ಚಳ ತೆಗೆದು ಬಿದಿರುಕಡ್ಡಿ ಇಳಿಬಿಟ್ಟು ಅಳೆಯುತ್ತಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಬಳಿಗೆ ಓಡಿಬಂದಳು.

"ಅತ್ತೆ, ಮೂರು ಬೆರಳು ಇಳ್ದದೆ! ನೆನ್ನೆ ಎರಡೇ ಇತ್ತು. ಬೇರು ಮುಟ್ಬುಡ್ತು."

ಜಯಲಕ್ಷ್ಮಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು.

"ಇಳ್ದದಾ?"

"ಊಂ."

"ಎಲ್ಲಾದ್ರಲ್ಲೂವಾ?"

"ಎಲ್ಲಾದ್ರಲ್ಲೂ."

ರೊಟ್ಟಿ ಹೆಂಚಿನ ಮೇಲೆ ಕರಿಕಾಯಿತು. ಚಿನ್ನು "ಅಜ್ಜಿ, ಸೀದೋಯ್ತು" ಎಂದಾಗ ಮಗುಚಿದಳು.

ಯೋಗೇಶ ಸತ್ತಾಗ ಮನೆಯಲ್ಲಿ ಅವನನ್ನು ತಂದು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಿದ್ದರು. ಹೋದವರು ಹನ್ನೊಂದು ದಿನ ಬಂದು ಕುಡಿಯುತ್ತಾರೆ, ದಿನದಿನಕ್ಕೆ ನೀರು ಇಳಿಯುತ್ತದೆ ಎಂದು ಆ ಮನೆಯ ನಂಬಿಕೆ. ಅವಳ ಅತ್ತೆ ಸತ್ತಾಗ ಇಳಿದಿತ್ತು, ಮಾವ ಸತ್ತಾಗ ಇಳಿದಿತ್ತು. ಮಗನ ಚೊಂಬಿನ ನೀರು ಹನ್ನೊಂದು ದಿನವೂ ಅಂಚಿಗೇ ನಿಂತಿತ್ತು. ಮಳೆಗಾಲದ ತಂಡಿಗೆ ಎಲ್ಲಿ ಆರುತ್ತದೆ ಎಂದು ಕೃಷ್ಣಮೂರ್ತಿ ಅಂದದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಬೇರು ಮುಟ್ಟಿತೆಂದು ಭೂಮಿಕ ಅಂದಿನಿಂದ ದಿನಾ ಅಳೆಯುವುದನ್ನು ಬಿಟ್ಟಳು. ಜಯಲಕ್ಷ್ಮಮ್ಮನೂ ಅಂದಿನಿಂದಲೇ ಬದಲಾದಳು. ಹಿತ್ತಲಿಗೆ ಕಾಲಿಡದವಳು ಹೊತ್ತು ಹುಟ್ಟುವ ಮೊದಲೇ ಅಲ್ಲಿರುತ್ತಿದ್ದಳು. ತಟ್ಟೆಯಲ್ಲಿ ಎರಡನೆಯ ಮುದ್ದೆ ಹಾಕಿಸಿಕೊಂಡಳು. ಮಂಚಮ್ಮನ ಜೊತೆ ಜಗಳವಿಲ್ಲದೆ ಮಾತಾಡಿದಳು. ಕೃಷ್ಣಮೂರ್ತಿಗೆ ಸಂತೋಷವಾಯಿತು.

"ನಿಮ್ಮತ್ತೆ ಗಿಡ ಹಚ್ಕೊಂಡವ್ಳೆ ಕಣವ್ವ. ನೋಡು, ಮೈ ತುಂಬ್ಕೊತಾವ್ಳೆ."

ಆದರೆ ಮನೆಯಲ್ಲಿ ನೀರು ಸಾಲದೆ ಬರತೊಡಗಿತು. ನಲ್ಲಿ ಬಂದ ದಿನ ಮೂರು ಡ್ರಮ್ಮು, ಒಂದು ತೊಟ್ಟಿ ತುಂಬಿದರೂ ಮೂರನೆಯ ದಿನವೇ ತಳ ಕಾಣುತ್ತಿತ್ತು. ಮೊದಲು ಬೈಸಿಕೊಂಡವಳು ಚಿನ್ನು.

"ತಲೆ ಮೇಲ್ ಎಷ್ಟ್ ಚೊಂಬು ಉಯ್ಕೊಂಡೆ?"

"ಐದೇ ಅಮ್ಮ. ದೇವ್ರಾಣೆ ಐದೇ."

ಆಮೇಲೆ ಅನುಮಾನ ಬೇಲಿ ದಾಟಿತು. ಮಂಚಮ್ಮನ ತುಳಸಿ ಕಟ್ಟೆ ಯಾವಾಗಲೂ ಒದ್ದೆ ಎಂದು ಕೃಷ್ಣಮೂರ್ತಿ ಮೆಲ್ಲಗೆ ಅಂದದ್ದು ಅವಳಿಗೆ ಮುಟ್ಟಿತು.

"ನಿಮ್ ನೀರು ಕದ್ದು ನಾನೇನು ಭತ್ತ ನಾಟಿ ಹಾಕಿದ್ದೀನಾ ಕೃಷ್ಣಣ್ಣ?" ಅವಳು ಬೀದಿಗೇ ಬಂದು ನಿಂತಳು. "ನಿಮ್ ಮಡ್ಕೆ ನಮ್ ಬಾಗ್ಲು ತುಳ್ಕೊಂಡ್ ಬಂದ್ವಲ್ಲ, ಅವತ್ತು ನಾನ್ ಬಾಯ್ಬುಟ್ನಾ? ನಿಮ್ ಮನೇಲಿ ಯಾರು ಚೆಲ್ತಾವ್ರೆ ನೋಡ್ಕೊಳ್ಳಿ ಮೊದ್ಲು."

ಕೃಷ್ಣಮೂರ್ತಿ ಕೈ ಮುಗಿದು ಒಳಗೆ ಬಂದ.

ಇತ್ತ ಗಿಡಗಳು ಕೆಡತೊಡಗಿದವು. ಮೊದಲು ತುದಿಯ ಎಲೆ ಹಳದಿಯಾಯಿತು, ಆಮೇಲೆ ಇಡೀ ಗಿಡ ಜೋತುಬಿದ್ದಿತು. ಭೂಮಿಕ ಬೇವಿನ ಹಿಂಡಿ ಹಾಕಿದಳು. ಬತ್ತಿ ಬಿಗಿ ಮಾಡಿದಳು. ಮೇ ತಿಂಗಳ ನಡುವೆ ಒಂದು ಸಸಿ ಕಿತ್ತು ನೋಡಿದರೆ ಬೇರು ಕಪ್ಪಗೆ ಕೊಳೆತು ಬೆರಳಿಗೆ ಅಂಟಿತು. ನಾಲ್ಕು ದಿನಕ್ಕೊಮ್ಮೆ ತುಂಬುವ ಮಡಕೆಯ ಪಕ್ಕ ಮಣ್ಣು ಕೆಸರಾಗಿತ್ತು.

"ಒಣಗಿ ಸತ್ರೆ ಅರ್ಥ ಆಯ್ತದೆ ಮಾವ. ಇದು ನೀರು ಜಾಸ್ತಿಯಾಗಿ ಸಾಯ್ತಾ ಇದೆ."

"ಈ ಬ್ಯಾಸ್ಗೇಲಾ?"

ಚಿನ್ನು ಹೋಳಿಗೆ ಕದ್ದವಳಂತೆ ನಿಂತಿದ್ದಳು. "ಅಮ್ಮ, ನಾನ್ ಹಿತ್ತಲ್ಗೆ ಹೋಗಲ್ಲ ಇನ್ಮೇಲೆ."

"ಯಾಕೆ?"

"ಅಜ್ಜಿ ಮಡ್ಕೆ ಜೊತೆ ಮಾತಾಡ್ತದೆ. ಮಡ್ಕೆ ಗುಳುಗುಳು ಅಂತದೆ. ಅಜ್ಜಿ, 'ನಿಧಾನ ಕಣೋ, ನಿಧಾನ' ಅಂತದೆ."

ಮಾರನೆಯ ಬೆಳಿಗ್ಗೆ ಭೂಮಿಕ ಮತ್ತೆ ಕಡ್ಡಿ ಹಿಡಿದು ಬೇಗ ಹೋದಳು. ಬೆಳಕು ಹರಿಯುತ್ತಿತ್ತು. ಜಯಲಕ್ಷ್ಮಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಸಾಲಿನಿಂದ ಸಾಲಿಗೆ ಬಾಗುತ್ತಾ ನಡೆಯುತ್ತಿದ್ದಳು. ಮುಚ್ಚಳ ತೆಗೆಯುವಳು, ಒಳಗೆ ನೋಡುವಳು, ಹುಯ್ಯುವಳು. ಮಡಕೆಯೊಳಗಿಂದ ಗಾಳಿ ಗುಳುಗುಳು ಎಂದು ಮೇಲೇಳುವುದು. ಆ ಸದ್ದು ನಿಲ್ಲುವವರೆಗೂ ಕಾದು, ಸೆರಗಿನಿಂದ ಮಡಕೆಯ ಬಾಯಿ ಒರೆಸಿ, ಮುಚ್ಚಳ ಇಟ್ಟು ಮುಂದಿನದಕ್ಕೆ ಹೋಗುವಳು.

"ಅತ್ತೆ! ನಿನ್ನೆ ತಾನೆ ತುಂಬಿದ್ದೀನಿ!"

"ಇಳ್ದಿತ್ತು ಕಣಮ್ಮಿ."

"ಇಳೀಬೇಕು ಅತ್ತೆ. ಇಳ್ದು ಒಣಗಿದ ಮೇಲೇ ತುಂಬ್ಬೇಕು. ದಿನಕ್ಕೆಷ್ಟು ಸಲ ಹಾಕ್ತಿದ್ದೀರಿ?"

"ಕೇಳ್ದಾಗೆಲ್ಲ."

"ಯಾರು ಕೇಳ್ದಾಗ?"

ಜಯಲಕ್ಷ್ಮಮ್ಮ ಕೊಡ ಕೆಳಗಿಟ್ಟು ಸೊಸೆಯನ್ನು ನೋಡಿದಳು. ಸಣ್ಣ ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದಳು.

"ಕುಡಿತಾವ್ನೆ ಕಣವ್ವ. ಚೊಂಬಲ್ಲಿಟ್ರೆ ಮುಟ್ನಿಲ್ಲ, ನನ್ ಮ್ಯಾಲೆ ಕ್ವಾಪ ಇತ್ತು. ಈಗ ಪಂಚೆ ಬಾಯ್ಗೆ ಇಟ್ಕೊಂಡು ಕುಡಿತಾವ್ನೆ. ನಲ್ವತ್ತು ಮಡ್ಕೆ ಕೊಟ್ರೂ ಕುಡಿತಾವ್ನೆ. ಅಷ್ಟು ಬಾಯಾರ್ಕೆ ಮಾಡ್ಬುಟ್ಟಿದ್ದೆ ಅವ್ನಿಗೆ."

"ಅತ್ತೆ, ಅದು ಬೇರು…"

"ನಿನ್ ಕೈ ಮೆತ್ಗೆ ಅಂತ ಬಾಟ್ಲಿ ನಾನಿಟ್ಕೊಂಡಿದ್ದೆ. ಅವ್ನ ದಿನದ್ ಅಳ್ತೆಗೆ ಗೀಟು ಹಾಕಿದ್ ಬಾಟ್ಲಿ. ಕಡೇ ದಿನ ಸಂಜೆ ಆಸ್ಪತ್ರೆ ಮಂಚದ್ ಮ್ಯಾಲೆ, 'ಅವ್ವ, ಒಂದೇ ಒಂದ್ ಗುಟ್ಕು' ಅಂದ. ಗೀಟು ಮುಗ್ದದೆ ಕಣಪ್ಪ, ನಾಳೀಕೆ ಅಂದೆ. ನನ್ ಕೈ ನೆಕ್ಕಕ್ ಬಂದ ಭೂಮಿ. ಒದ್ದೆ ಇತ್ತು ಅಂತ."

ಭೂಮಿಕಳ ಕೈಯ ಕಡ್ಡಿ ಮುರಿದಿತ್ತು. ಯಾವಾಗ ಮುರಿಯಿತೋ ಅವಳಿಗೂ ಗೊತ್ತಾಗಲಿಲ್ಲ.

"ಇನ್ಮುಂದೆ ಅಳ್ತೆ ಹಾಕ್ಬ್ಯಾಡ," ಎಂದಳು ಜಯಲಕ್ಷ್ಮಮ್ಮ. "ನನ್ ಮಗಂಗೆ ಯಾರೂ ಅಳ್ತೆ ಹಾಕ್ಕೂಡ್ದು."

ಅಂದು ಅಡಿಗೆಮನೆಯಲ್ಲಿ ಭೂಮಿಕ ಮಾವನಿಗೆ ವಿಷಯ ಹೇಳಿದಳು. ಅವನು ಕಾಫಿ ಲೋಟ ಹಿಡಿದುಕೊಂಡೇ ಕೇಳಿದ.

"ಡ್ರಮ್ಮಿಗೆ ಬೀಗ ಹಾಕದಾ ಮಾವ?"

"ಬೀಗ ಹಾಕಿದ್ರೆ ಅವ್ಳು ಕೆರೆಯಿಂದ ಹೊರ್ತಾಳೆ. ಬುಡು."

"ಗಿಡ ಎಲ್ಲಾ ಹೋಯ್ತವೆ. ಅಣ್ಣ ಬರ್ತಾನೆ."

"ಗೊತ್ತು ಕಣವ್ವ."

"ನೀವು ಒಂದ್ ಮಾತು ಹೇಳಿ ಅತ್ತೆಗೆ."

"ಏನಂತ ಹೇಳ್ಲಿ? ಅವ್ನು ಕುಡೀತಿಲ್ಲ ಅಂತ್ಲಾ? ಬಾಯಾರ್ಕೊಂಡೇ ಹೋದ ಅಂತ್ಲಾ?" ಲೋಟ ಕೆಳಗಿಟ್ಟು ಕೊಟ್ಟಿಗೆಗೆ ಹೋದ. ಅಂದು ಸಂಜೆಯವರೆಗೂ ಒಂದೇ ಹಲಗೆಯನ್ನು ಉಜ್ಜುತ್ತಿದ್ದ.

ಭೂಮಿಕ ಮಾಡಬಲ್ಲದ್ದನ್ನೆಲ್ಲ ಮಾಡಿದಳು. ಅತ್ತೆ ಎದ್ದೇಳುವ ಮೊದಲೇ ಹೋಗಿ ಮಡಕೆಗಳ ನೀರು ಮೊಗೆದು ಬಕೀಟಿಗೆ ತುಂಬಿಟ್ಟಳು. ಅದು ಇನ್ನೂ ಕೆಡುಕಾಯಿತು. ಬರಿದಾದ ಮಡಕೆ ಕಂಡು ಜಯಲಕ್ಷ್ಮಮ್ಮ ಎದೆ ಬಡಿದುಕೊಂಡು, "ಪೂರ್ತಿ ಕುಡ್ದವ್ನೆ, ಪೂರ್ತಿ!" ಎಂದು ಡ್ರಮ್ಮೇ ಬಗ್ಗಿಸಿದಳು. ಆ ದಿನ ಕುಡಿಯಲು ಮಂಚಮ್ಮನ ಮನೆಯಿಂದ ಎರಡು ಕೊಡ ತಂದರು. ಮಂಚಮ್ಮ ಕೊಡುವಾಗ ಒಂದು ಮಾತೂ ಚುಚ್ಚಲಿಲ್ಲ. ಅದು ಭೂಮಿಕಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಜೂನ್ ಹುಟ್ಟುವಷ್ಟರಲ್ಲಿ ಹದಿನಾಲ್ಕು ಗಿಡ ಸತ್ತಿದ್ದವು. ಉಳಿದ ಇಪ್ಪತ್ತಾರರಲ್ಲಿ ಅರ್ಧ ಹಳದಿ. ಸೋಮಾಚಾರಿ ಫೋನ್ ಮಾಡಿದ.

"ಗಿಡ ಹೆಂಗವೆ?"

"ಅವೆ ಅಣ್ಣ."

"ಅವೆ ಅಂದ್ರೆ?"

"ಅವೆ ಅಂದ್ರೆ ಅವೆ."

"ಭಾನ್ವಾರ ಕಾರ್ಯ. ಸೋಮ್ವಾರ ಗಾಡಿ ತತ್ತೀನಿ. ಮಗೀದು ಸ್ಕೂಲ್ ಟೀಸಿ ತೆಗೆದಿಡು."

ಶನಿವಾರ ಮಧ್ಯಾಹ್ನ. ಮಾರನೆಯ ದಿನದ ಎಡೆಗೆ ಅತ್ತೆ ಸೊಸೆ ಇಬ್ಬರೂ ತಯಾರಿ ನಡೆಸಿದ್ದರು. ಜಯಲಕ್ಷ್ಮಮ್ಮ ಒರಳಿನ ಮುಂದೆ ಕೂತು ವಡೆಗೆ ನೆನೆಸಿದ ಕಡಲೆಬೇಳೆ ರುಬ್ಬುತ್ತಿದ್ದಳು. ಭೂಮಿಕ ಕಾಯಿ ತುರಿಯುತ್ತಿದ್ದಳು. ಬಾಗಿಲ ಬಳಿ ಕೃಷ್ಣಮೂರ್ತಿ ಬಾಳೆಎಲೆ ಸೀಳುತ್ತಿದ್ದ. ಚಿನ್ನುವನ್ನು ಮಂಚಮ್ಮನ ಮನೆಗೆ ಕಳಿಸಿದ್ದರು.

"ನಾಳೀಕೆ ನಲ್ವತ್ತು ಮಡ್ಕೇನೂ ತುಂಬ್ಸಿ ಎಡೆ ಇಡ್ಬೇಕು," ಎಂದಳು ಜಯಲಕ್ಷ್ಮಮ್ಮ. "ಟ್ಯಾಂಕರ್ ತರ್ಸಿ ನೀವು. ಗಿಡ ಹೋದ್ರೆ ಹೋಯ್ತವೆ. ವರ್ಸದ ದಿನ ಅವ್ನು ಬಾಯಾರ್ಕೊಂಡು ಹೋಗ್ಬಾರ್ದು."

ಕೃಷ್ಣಮೂರ್ತಿ ಎಲೆಯಿಂದ ತಲೆ ಎತ್ತಲಿಲ್ಲ.

ಭೂಮಿಕ ತುರಿಯುವುದನ್ನು ನಿಲ್ಲಿಸಿದಳು.

"ಅತ್ತೆ, ಅವ್ರು ಬಾಯಾರ್ಕೊಂಡು ಹೋಗ್ಲಿಲ್ಲ."

"ನಿಂಗೇನ್ ಗೊತ್ತು?"

"ನಾನೇ ಕೊಟ್ಟೆ."

ಒರಳಿನ ಗುಂಡು ಒಂದು ಸುತ್ತು ತಿರುಗಿ ನಿಂತಿತು.

"ಏನ್ ಕೊಟ್ಟೆ?"

"ನೀರು. ಬೆಳಗಿನ ಜಾವ. ನೀವು ಮಂಚದ ಕೆಳಗೆ ಮಲ್ಗಿದ್ರಿ, ಮಾವ ಹೊರಗಿದ್ರು. ನರ್ಸಮ್ಮ ಆ ಕಡೆ ಹೋಗಿತ್ತು. ಕಣ್ಣಲ್ಲೇ ಕೇಳುದ್ರು, ಬಾಯಿ ಬರ್ತಿರ್ಲಿಲ್ಲ. ನಲ್ಲೀಲಿ ಹಿಡ್ಕೊಂಡು ಬಂದೆ. ಒಂದು ಲೋಟ ಕುಡುದ್ರು. ಇನ್ನೊಂದು ಅಂದ್ರು. ಅದೂ ಕೊಟ್ಟೆ. ಮೂರು ಲೋಟ ಅತ್ತೆ. ತಲೆ ಎತ್ತಿ ಹಿಡ್ಕೊಂಡು ಕುಡಿಸ್ದೆ."

ಯೋಗೇಶ ಸತ್ತದ್ದು ಅಂದು ಬೆಳಿಗ್ಗೆ ಏಳು ಗಂಟೆಗೆ. ಎದೆಯಲ್ಲಿ ನೀರು ತುಂಬಿಕೊಂಡು ಎಂದು ಡಾಕ್ಟರು ಹೇಳಿದ್ದನ್ನು ಆ ಮೂವರೂ ಒಟ್ಟಿಗೆ ನಿಂತು ಕೇಳಿದ್ದರು.

 ಕೃಷ್ಣಮೂರ್ತಿ ಕೈಯಲ್ಲಿದ್ದ ಎಲೆ ಕೆಳಗಿಟ್ಟ.

"ಹಿಂದಿನ್ ಸಂಜೇನೇ ಡಾಕ್ಟ್ರು ನನ್ನ ಕರ್ದು ಹೇಳಿದ್ರು, ಇವತ್ತೋ ನಾಳೆಯೋ ಅಂತ. ನಿಮ್ಗೆ ಯಾರ್ಗೂ ಹೇಳ್ನಿಲ್ಲ ನಾನು."

ಜಯಲಕ್ಷ್ಮಮ್ಮ ಗಂಡನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ರುಬ್ಬಿದ್ದನ್ನು ಬಳಿದು ಪಾತ್ರೆಗೆ ಹಾಕಿದಳು. ಒರಳು ತೊಳೆದಳು. ಆ ಸಂಜೆ 'ಹೊಟ್ಟೆ ಸರಿಯಿಲ್ಲ' ಎಂದು ಸೊಸೆ ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು.

ಭಾನುವಾರ ಕಾರ್ಯ ನಡೆಯಿತು. ನೆಂಟರು ಬಂದರು, ಎಡೆ ಇಟ್ಟರು, ಉಂಡರು. ಟ್ಯಾಂಕರ್ ಬರಲಿಲ್ಲ, ಜಯಲಕ್ಷ್ಮಮ್ಮ ಕೇಳಲೂ ಇಲ್ಲ. ಹಿತ್ತಲ ಬಾಗಿಲು ದಿನವಿಡೀ ಮುಚ್ಚಿತ್ತು. ಭೂಮಿಕಳ ಜೊತೆ ಅವಳು ಒಂದು ಮಾತೂ ಆಡಲಿಲ್ಲ. ಬಂದವರಿಗೆ ತಾಂಬೂಲ ಕೊಡುವಾಗ ತಟ್ಟೆಯನ್ನು ಸೊಸೆಯ ಕೈಯಿಂದ ತೆಗೆದುಕೊಳ್ಳದೆ, ನೆಲದ ಮೇಲಿಡಿಸಿ ಎತ್ತಿಕೊಂಡಳು. ಅದನ್ನು ಸೋಮಾಚಾರಿಯ ಹೆಂಡತಿ ನೋಡಿದಳು.

ಸೋಮವಾರ ಹತ್ತು ಗಂಟೆಗೆ ಸೋಮಾಚಾರಿ ಗಾಡಿ ತಂದ. ಹಿತ್ತಲಿಗೆ ಹೋಗಿ ನೋಡಿ ಬಂದ.

"ಅರ್ಧ ಸತ್ತೋಗವೆ ಮಾವ. ಮಿಕ್ಕಿದ್ದೂ ಇವತ್ತೋ ನಾಳೆಯೋ. ನೀವೇ ಆಡಿದ್ ಮಾತು."

"ಹೌದಪ್ಪ," ಎಂದ ಕೃಷ್ಣಮೂರ್ತಿ.

"ಎಲ್ಲಾ ತಗೊಂಡ್ಯೇನಮ್ಮಿ?" ಸೋಮಾಚಾರಿ ತಂಗಿಯ ಕಡೆ ತಿರುಗಿದ.

ಭೂಮಿಕ ಎರಡು ಬ್ಯಾಗು ಜಗಲಿಗೆ ತಂದಿಟ್ಟಳು. ಚಿನ್ನು ಕಂಬ ತಬ್ಬಿ ನಿಂತಿದ್ದಳು. ಅಳುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಭೂಮಿಕ ಅತ್ತೆಯ ಕಾಲಿಗೆ ಬಾಗಿದಳು. ಜಯಲಕ್ಷ್ಮಮ್ಮ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ತಲೆ ಮುಟ್ಟಲೂ ಇಲ್ಲ. ಎರಡು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಕುಡುದ್ಮ್ಯಾಲೆ ಏನಾರ ಅಂದ್ನಾ?"

ಭೂಮಿಕ ಬಾಗಿದಲ್ಲೇ ನಿಂತಳು.

"ತಣ್ಣಗಾಯ್ತು ಅಂದ್ರು."

"ಬಾಯಿ ಬರ್ತಿರ್ನಿಲ್ಲ ಅಂದೆ?"

"ಕುಡಿದ ಮೇಲೆ ಬಂತು. ತಣ್ಣಗಾಯ್ತು ಅಂದ್ರು. ಆಮೇಲೆ… ಅವ್ವಂಗೆ ಹೇಳ್ಬ್ಯಾಡ, ನೊಂದ್ಕೊತದೆ ಅಂದ್ರು."

ಸೋಮಾಚಾರಿಗೆ ತಲೆಬುಡ ತಿಳಿಯಲಿಲ್ಲ. "ಏನು? ಯಾರು?" ಎಂದು ಒಬ್ಬೊಬ್ಬರ ಮುಖ ನೋಡಿದ. ಕೃಷ್ಣಮೂರ್ತಿ ಕೈ ಅಡ್ಡ ಮಾಡಿ ಅವನನ್ನು ಸುಮ್ಮನಾಗಿಸಿದ.

ಜಯಲಕ್ಷ್ಮಮ್ಮ ಗೋಡೆ ಹಿಡಿದು ನಿಧಾನವಾಗಿ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ತುಂಬ ಹೊತ್ತು ಇದ್ದಳು.  ಆಮೇಲೆ ಸೆರಗು ತೆಗೆದು ಸೋಮಾಚಾರಿಯ ಕಡೆ ತಿರುಗಿದಳು.

"ಒಬ್ಬಟ್ಟು ಮಿಕ್ಕದೆ. ಉಂಡ್ಕೊಂಡು ಹೋಗಪ್ಪ. ಒಬ್ನೇ ಹೋಗು."

"ಅಲ್ಲತ್ತೆ, ಗಿಡ…"

"ಇಪ್ಪತ್ತಾರು ಅವೆ. ನಾನ್ ಎಣ್ಸಿದ್ದೀನಿ. ನಾನ್ ಮುಟ್ದೆ ಇದ್ರೆ ಬದುಕ್ತವೆ."

ಅವನು ಉಣ್ಣಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ. ಮಂಚಮ್ಮ ಬೇಲಿಯ ಆಚೆ ಮುಖ ತೋರಿಸಿ ಮರೆಯಾದಳು.

ಆ ವಾರ ಮಳೆ ಹಿಡಿಯಿತು. ಸತ್ತ ಗಿಡಗಳ ಜಾಗದಲ್ಲಿ ನೆಡಲು ಭೂಮಿಕ ಬೇರೆ ಸಸಿ ತಂದಳು. ಜಯಲಕ್ಷ್ಮಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು, ಕೆಳಗಿಳಿಯಲಿಲ್ಲ. ಸೊಸೆ ಕೈ ತೊಳೆದುಕೊಂಡು ಬಂದು ಹೂವಿನ ಬುಟ್ಟಿ ಮುಂದಿಟ್ಟುಕೊಂಡಾಗ ಕೇಳಿದಳು.

"ಏನಂದ, ಇನ್ನೊಂದ್ಸಲ ಹೇಳು."

ಭೂಮಿಕ ಹೇಳಿದಳು. ತಲೆ ಎತ್ತಿ ಹಿಡಿದದ್ದರಿಂದ ಹಿಡಿದು, ಮೂರು ಲೋಟವನ್ನೂ, ಆ ಎರಡು ಮಾತುಗಳನ್ನೂ.

ಮಾರನೆಯ ದಿನ ಸಂಜೆಯೂ ಕೇಳಿದಳು. ಭೂಮಿಕ ದಾರದ ಮೇಲೆ ಕಣ್ಣಿಟ್ಟು ಮತ್ತೆ ಹೇಳಿದಳು. ಮೊದಲನೆಯ ಲೋಟ, ಎರಡನೆಯದು, ಮೂರನೆಯದು.

ಮೂರನೆಯ ದಿನ ಜಯಲಕ್ಷ್ಮಮ್ಮ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ ಹಾಗೇ, ಕೇಳುವ ಮೊದಲೇ ಭೂಮಿಕ ಶುರುಮಾಡಿದಳು.